ಕಾಡು ಬಿಡುವ ಆವಿ, ಗಾಳಿಯಲ್ಲಿ ಹುಟ್ಟುವ ಕಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಮರಗಿಡಗಳಿಂದ ಹೊರಬರುವ ಆವಿಗೂ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳಿಗೂ ಇರುವ ನಂಟಿನ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ದಟ್ಟ ಕಾಡಿರುವ ಬೆಟ್ಟಸಾಲನ್ನು ದೂರದಿಂದ ನೋಡಿದರೆ ನೀಲಿ ಮಬ್ಬು ಕವಿದಂತೆ ಕಾಣುತ್ತದೆ. ಅದು ಎಲೆಗಳಿಂದ ಬರುವ ನೀರಾವಿಯೋ, ಹೂವಿನ ಪರಾಗವೋ?

ಎರಡೂ ಅಲ್ಲ. ನೀರಾವಿಗೆ ಬಣ್ಣವೇ ಇಲ್ಲ. ಪರಾಗದ ಕಣ ಸಾಮಾನ್ಯವಾಗಿ 10 ಮೈಕ್ರೊಮೀಟರಿಗಿಂತ ದಪ್ಪ. ಅಷ್ಟು ದಪ್ಪದ ಕಣ ಎಲ್ಲ ಬಣ್ಣದ ಬೆಳಕನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುವುದರಿಂದ ಬೆಳ್ಳಗೆ ಕಾಣಬೇಕಿತ್ತು. ನೀಲಿ ಕಾಣಬೇಕಾದರೆ ಕಣವು ಬೆಳಕಿನ ತರಂಗದುದ್ದಕ್ಕಿಂತ, ಅಂದರೆ 400–700 ನ್ಯಾನೊಮೀಟರಿಗಿಂತ, ಬಹಳ ಚಿಕ್ಕದಾಗಿರಬೇಕು. ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್ 1960ರಲ್ಲೇ ಇದಕ್ಕೊಂದು ಕಾರಣ ಮುಂದಿಟ್ಟರು: ಮರಗಳು ಬಿಡುವ ಟರ್ಪೀನ್ ಎಂಬ ಆವಿಗಳು ಗಾಳಿಯಲ್ಲಿ ಉತ್ಕರ್ಷಣೆಗೊಂಡು (ಆಮ್ಲಜನಕ ಸೇರಿಸಿಕೊಂಡು), ಸಾಂದ್ರವಾಗಿ, ಅತಿಸೂಕ್ಷ್ಮ ಕಣಗಳಾಗುತ್ತವೆ. ಅವರು ಹೇಳಿದ್ದು ಮೂಲತಃ ಸರಿಯೇ ಆಗಿತ್ತು. ಆದರೆ ಅದು ನಡೆಯುವ ಬಗೆ ಬಿಡಿಬಿಡಿಯಾಗಿ ತಿಳಿಯಲು ಇನ್ನೂ ಐವತ್ತು ವರ್ಷ ಬೇಕಾಯಿತು.

ಒಂದು ಮಾತು ಸೇರಿಸಬೇಕು. ನೀವು ನೋಡುವ ನೀಲಿಯಲ್ಲಿ ಒಂದು ಪಾಲು ಗಾಳಿಯ ಅಣುಗಳದ್ದೇ. ಹತ್ತಾರು ಕಿಲೋಮೀಟರ್ ದೂರದ ಬೆಟ್ಟ ಕಾಡಿಲ್ಲದಿದ್ದರೂ ತುಸು ನೀಲಿಯಾಗಿಯೇ ಕಾಣುತ್ತದೆ. ಮಬ್ಬು ಬೂದು ಅಥವಾ ಬಿಳಿ ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಕಣಗಳು ದಪ್ಪಗಾಗಿವೆ ಎಂದರ್ಥ. ಇದಕ್ಕೆ ಹೊಗೆ, ಸಲ್ಫೇಟ್ ಇಲ್ಲವೇ ತೇವ ಹೀರಿ ಊದಿಕೊಂಡ ಕಣ ಕಾರಣವಿರಬಹುದು. ಅದನ್ನೆಲ್ಲ ಕಾಡಿನ ಲೆಕ್ಕಕ್ಕೆ ಬರೆಯಬಾರದು.

ಪ್ರಶ್ನೆ: ಮರಗಳು ಕಷ್ಟಪಟ್ಟು ಕೂಡಿಸಿಕೊಂಡ ಇಂಗಾಲವನ್ನು ಹೀಗೆ ಗಾಳಿಗೆ ಬಿಡುವುದೇಕೆ? ಎಲ್ಲ ಮರಗಳೂ ಬಿಡುತ್ತವೆಯೇ?

ಬಹುತೇಕ ಎಲ್ಲ ಗಿಡಗಳೂ ಏನಾದರೂ ಬಿಡುತ್ತವೆ, ಆದರೆ ಏನು, ಎಷ್ಟು ಎಂಬುದು ಜಾತಿಯಿಂದ ಜಾತಿಗೆ ನೂರಾರು ಪಟ್ಟು ಬದಲಾಗುತ್ತದೆ. ಓಕ್, ಪಾಪ್ಲರ್, ವಿಲ್ಲೋ, ನೀಲಗಿರಿ, ಎಣ್ಣೆತಾಳೆ ಮುಂತಾದವು ಐಸೋಪ್ರೀನನ್ನು ಧಾರಾಳವಾಗಿ ಬಿಡುತ್ತವೆ. ಐದು ಇಂಗಾಲದ ಚಿಕ್ಕ ಅಣು ಅದು, 34 ಡಿಗ್ರಿಗೇ ಕುದಿಯುತ್ತದೆ. ಗಿಡ ಅದನ್ನು ಕೂಡಿಡುವುದಿಲ್ಲ. ಬಿಸಿಲು ಬಿದ್ದಾಗ ತಯಾರಿಸಿ ಆಗಲೇ ಬಿಡುತ್ತದೆ, ಕತ್ತಲಾದರೆ ನಿಂತುಹೋಗುತ್ತದೆ. ಎಲೆಯ ಉಷ್ಣತೆ 40 ಡಿಗ್ರಿಯ ಆಸುಪಾಸಿಗೆ ಬರುವವರೆಗೆ ಏರುತ್ತಾ ಹೋಗಿ ಆಮೇಲೆ ಕುಸಿಯುತ್ತದೆ. ಪೈನ್, ಸ್ಪ್ರೂಸ್ ಥರದ ಮರಗಳದ್ದು ಬೇರೆ ದಾರಿ. ಅವು ಹತ್ತು ಇಂಗಾಲದ ಮೊನೊಟರ್ಪೀನ್‌ಗಳನ್ನು ರಾಳದ ನಾಳಗಳಲ್ಲಿ ತುಂಬಿಟ್ಟುಕೊಂಡಿರುತ್ತವೆ. ಅಲ್ಲಿಂದ ಆವಿ ರಾತ್ರಿಯೂ ಸೋರುತ್ತದೆ. ಪ್ರತಿ ಡಿಗ್ರಿ ಉಷ್ಣತೆಗೆ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಪೈನ್ ಕಾಡಿನ ಪರಿಮಳ ಇದೇ. ಹದಿನೈದು ಇಂಗಾಲದ ಸೆಸ್ಕ್ವಿಟರ್ಪೀನ್‌ಗಳು ಪ್ರಮಾಣದಲ್ಲಿ ಕಡಿಮೆ, ಕಣ ಮಾಡುವುದರಲ್ಲಿ ಮುಂದು.

ಏಕೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಐಸೋಪ್ರೀನ್ ಎಲೆಗೆ ಹಠಾತ್ ಬಿಸಿಯನ್ನು ತಡೆದುಕೊಳ್ಳಲು ನೆರವಾಗುತ್ತದೆ. ರಾಳ ಗಾಯ ಮುಚ್ಚುತ್ತದೆ, ತೊಗಟೆ ಕೊರೆಯುವ ಹುಳುವನ್ನು ತಡೆಯುತ್ತದೆ. ಹುಳು ಎಲೆ ತಿಂದಾಗ ಹೊಮ್ಮುವ ಕೆಲವು ಆವಿಗಳು ಆ ಹುಳುವಿನ ಶತ್ರುಕೀಟಗಳನ್ನು ಕರೆಯುತ್ತವೆ. ಖರ್ಚೂ ದೊಡ್ಡದಲ್ಲ. ಐಸೋಪ್ರೀನ್ ಬಿಡುವ ಗಿಡ ದ್ಯುತಿಸಂಶ್ಲೇಷಣೆಯಲ್ಲಿ ಹಿಡಿದ ಇಂಗಾಲದ ಶೇ 1–2ರಷ್ಟನ್ನು ಸಾಮಾನ್ಯವಾಗಿ ಹೀಗೆ ಕಳೆಯುತ್ತದೆ, ಕಡು ಬಿಸಿಲಲ್ಲಿ ಅದಕ್ಕಿಂತ ಹೆಚ್ಚು. ಜಗತ್ತಿನ ಲೆಕ್ಕದಲ್ಲಿ ಮಾತ್ರ ಇದು ಭಾರೀ ಮೊತ್ತ: ಗಿಡಗಳೆಲ್ಲ ಸೇರಿ ವರ್ಷಕ್ಕೆ ಸುಮಾರು 100 ಕೋಟಿ ಟನ್ ಇಂಥ ಆವಿ ಬಿಡುತ್ತವೆ ಎಂಬ ಅಂದಾಜಿದೆ. ಅದರಲ್ಲಿ ಅರ್ಧದಷ್ಟು ಐಸೋಪ್ರೀನ್.

ಪ್ರಶ್ನೆ: ಆವಿ ಕಣವಾಗುವುದು ಎಂದರೆ ನಿಜಕ್ಕೂ ಏನಾಗುತ್ತದೆ? ನೀರಿನ ಆವಿ ಹನಿಯಾದ ಹಾಗೆಯೇ?

ಅಷ್ಟು ನೇರವಾಗಿಲ್ಲ. ಕಾಡಿನಿಂದ ಹೊರಟ ಆವಿ ಇದ್ದಂತೆಯೇ ಎಂದೂ ಕಣವಾಗುವುದಿಲ್ಲ. ಆಲ್ಫಾ-ಪೈನೀನ್ ಎಂಬ ಮೊನೊಟರ್ಪೀನ್ ಕುದಿಯುವುದು 156 ಡಿಗ್ರಿಯಲ್ಲಾದರೂ ಗಾಳಿಯಲ್ಲಿ ಅದರ ಪ್ರಮಾಣ ಶತಕೋಟಿಗೆ ಒಂದು ಭಾಗದ ಆಸುಪಾಸು. ಅಷ್ಟು ತೆಳುವಾಗಿರುವಾಗ ಅದು ಸಾಂದ್ರವಾಗುವ ಪ್ರಶ್ನೆಯೇ ಬರುವುದಿಲ್ಲ. ಮೊದಲು ಅದರ ಆವಿಯೊತ್ತಡ ಕೋಟ್ಯಂತರ ಪಟ್ಟು ಕುಸಿಯಬೇಕು. ಆ ಕೆಲಸ ಮಾಡುವುದು ಆಮ್ಲಜನಕ.

ಆಲ್ಫಾ-ಪೈನೀನ್ ಅಣುವನ್ನೇ ಹಿಂಬಾಲಿಸೋಣ. ಅದರ ಉಂಗುರದಲ್ಲಿ ಒಂದು ಜೋಡಿಬಂಧವಿದೆ. ಓಝೋನ್ ಬಂದು ಆ ಬಂಧವನ್ನು ಮುರಿಯುತ್ತದೆ. ಒಡೆದ ತುಣುಕು ಒಂದು ಹೈಡ್ರಾಕ್ಸಿಲ್ ರ್ಯಾಡಿಕಲನ್ನು (ಜೋಡಿಯಿಲ್ಲದ ಎಲೆಕ್ಟ್ರಾನಿನಿಂದಾಗಿ ಬಲು ಚುರುಕಾದ ತುಣುಕು) ಉಗುಳಿ ತಾನೂ ರ್ಯಾಡಿಕಲ್ ಆಗುತ್ತದೆ. ತಕ್ಷಣ ಗಾಳಿಯ ಆಮ್ಲಜನಕದ ಅಣುವೊಂದು ಅದಕ್ಕೆ ಅಂಟಿ ಪೆರಾಕ್ಸಿ ರ್ಯಾಡಿಕಲ್ ರೂಪುಗೊಳ್ಳುತ್ತದೆ. ಇನ್ನು ಮುಂದಿನದು ಮುಖ್ಯ. ಆ ಪೆರಾಕ್ಸಿ ತುದಿ ತನ್ನದೇ ಅಣುವಿನ ಬೇರೊಂದು ಇಂಗಾಲದಿಂದ ಜಲಜನಕವನ್ನು ಕಿತ್ತುಕೊಳ್ಳುತ್ತದೆ. ಖಾಲಿಯಾದ ಜಾಗಕ್ಕೆ ಇನ್ನೊಂದು ಆಮ್ಲಜನಕದ ಅಣು ಬಂದು ಕೂರುತ್ತದೆ. ಮತ್ತೆ ಕಿತ್ತುಕೊಳ್ಳುವುದು, ಮತ್ತೆ ಕೂರುವುದು. ಹೀಗೆ ಸೆಕೆಂಡುಗಳಿಂದ ನಿಮಿಷಗಳೊಳಗೆ ಒಂದೇ ಅಣುವಿಗೆ ಏಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಆಮ್ಲಜನಕದ ಪರಮಾಣುಗಳು ಸೇರಿಬಿಡುತ್ತವೆ. ಈ ಸರಣಿಗೆ ಸ್ವಯಂ-ಉತ್ಕರ್ಷಣೆ ಎಂದು ಹೆಸರು. ಕಾಡಿನ ಆವಿಯ ವಿಷಯದಲ್ಲಿ ಇದರ ಮಹತ್ವ ಸ್ಪಷ್ಟವಾಗಿ ತಿಳಿದದ್ದು 2014ರಲ್ಲಿ. ಓಝೋನಿಗೆ ಸಿಕ್ಕ ನೂರು ಆಲ್ಫಾ-ಪೈನೀನ್ ಅಣುಗಳಲ್ಲಿ ಕೆಲವೇ ಕೆಲವು ಈ ದಾರಿ ಹಿಡಿಯುತ್ತವೆ. ಆದರೆ ಹಿಡಿದವು ಎಷ್ಟು ‘ಭಾರ’ವಾಗುತ್ತವೆಂದರೆ ಯಾವ ಮೇಲ್ಮೈ ತಗುಲಿದರೂ ಅಲ್ಲೇ ಅಂಟಿಕೊಳ್ಳುತ್ತವೆ, ಮರಳಿ ಆವಿಯಾಗುವುದಿಲ್ಲ. ಇಂಥ ಎರಡು ರ್ಯಾಡಿಕಲ್‌ಗಳು ಕೂಡಿಕೊಂಡರೆ ಇಪ್ಪತ್ತು ಇಂಗಾಲದ ಜೋಡಿ ಅಣು. ಹೊಸ ಕಣದ ಬೀಜವಾಗಲು ಅದಕ್ಕಿಂತ ಯೋಗ್ಯವಾದದ್ದು ಇಲ್ಲ.

ಹೀಗೆ ಕೆಲವು ಅಣುಗಳು ಗುಂಪುಗೂಡಿದರೆ 1–2 ನ್ಯಾನೊಮೀಟರಿನ ಗೊಂಚಲು. ಬಹುಪಾಲು ಗೊಂಚಲುಗಳು ಬಿಚ್ಚಿಹೋಗುತ್ತವೆ, ಏಕೆಂದರೆ ಅಷ್ಟು ಚಿಕ್ಕ ಗೋಳದ ಮೇಲ್ಮೈ ತೀರ ಬಾಗಿರುವುದರಿಂದ ಅಂಚಿನ ಅಣುಗಳ ಹಿಡಿತ ಸಡಿಲ. ಅದನ್ನು ಬಿಗಿಯಾಗಿಸುವುದು ಸಲ್ಫ್ಯೂರಿಕ್ ಆಮ್ಲ, ಅಮೋನಿಯಾ, ಅಥವಾ ಬಾಹ್ಯಾಕಾಶದ ಕಾಸ್ಮಿಕ್ ಕಿರಣಗಳು ಹುಟ್ಟಿಸುವ ಅಯಾನು, ಅಂದರೆ ವಿದ್ಯುದಾವೇಶ ಹೊತ್ತ ಅಣು. ಸಲ್ಫ್ಯೂರಿಕ್ ಆಮ್ಲವಿಲ್ಲದೆ ಹೊಸ ಕಣ ಹುಟ್ಟುವುದೇ ಕಷ್ಟ ಎಂದು ಬಹಳ ಕಾಲ ನಂಬಿದ್ದರು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ‘ಕ್ಲೌಡ್’ ಪ್ರಯೋಗದಲ್ಲಿ, 26 ಘನ ಮೀಟರಿನ ಅತಿಶುದ್ಧ ಉಕ್ಕಿನ ಕೋಠಿಯೊಳಗೆ, ಆಲ್ಫಾ-ಪೈನೀನ್ ಮತ್ತು ಓಝೋನ್ ಮಾತ್ರ ಬಿಟ್ಟು ನೋಡಿದಾಗ ಆಮ್ಲವಿಲ್ಲದೆಯೂ ಕಣ ಹುಟ್ಟಿದವು. ಅಯಾನುಗಳಿದ್ದಾಗ ಹುಟ್ಟುವ ವೇಗ 10ರಿಂದ 100 ಪಟ್ಟು ಹೆಚ್ಚಿತು. 2016ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ, ಕೈಗಾರಿಕೆಗಳಿಲ್ಲದ ಕಾಲದ ಆಕಾಶದಲ್ಲೂ ಕಾಡುಗಳು ತಾವೇ ಕಣ ಹುಟ್ಟಿಸಿರಬಹುದು ಎಂಬುದಕ್ಕೆ ಆಧಾರ ಸಿಕ್ಕಿತು.

ಹುಟ್ಟಿದ್ದು ಬದುಕಬೇಕಲ್ಲ! ಕಣ ಗಂಟೆಗೆ 3 ನ್ಯಾನೊಮೀಟರ್ ಬೆಳೆಯುತ್ತದೆ ಎಂದಿಟ್ಟುಕೊಳ್ಳಿ. 1.5ರಿಂದ 60 ನ್ಯಾನೊಮೀಟರ್ ಮುಟ್ಟಲು ಸುಮಾರು 20 ಗಂಟೆ ಬೇಕು. ಅಷ್ಟರಲ್ಲಿ ಗಾಳಿಯಲ್ಲಿ ಮೊದಲೇ ಇರುವ ದಪ್ಪ ಕಣಗಳಿಗೆ ಡಿಕ್ಕಿ ಹೊಡೆದು ಮುಗಿದುಹೋಗುವುದೇ ಹೆಚ್ಚು. ಹಾಗಾಗಿ ಹೊಗೆ ತುಂಬಿದ ಗಾಳಿಯಲ್ಲಿ ಮರಗಳು ಎಷ್ಟೇ ಆವಿ ಬಿಟ್ಟರೂ ಅದು ಹಳೆಯ ಕಣಗಳ ಮೈಗೆ ಲೇಪವಾಗುತ್ತದೆ, ಹೊಸ ಕಣವಾಗುವುದು ಅಪರೂಪ. ಇದೇ ವಿಷಯವನ್ನು ಹಲವರು ತಪ್ಪಾಗಿ ಗ್ರಹಿಸುತ್ತಾರೆ: ಕಾಡು ಎಷ್ಟು ಆವಿ ಬಿಟ್ಟಿತು ಎಂಬುದೊಂದರಿಂದಲೇ ಎಷ್ಟು ಕಣ ಹುಟ್ಟಿತು ಎಂದು ಹೇಳಲು ಬರುವುದಿಲ್ಲ. ಆವಿ ಎಂಥ ಗಾಳಿಗೆ ಸೇರಿತು ಎಂಬುದೂ ಅಷ್ಟೇ ಮುಖ್ಯ.

ಪ್ರಶ್ನೆ: ಹಾಗಾದರೆ ಅಮೆಜಾನಿನಲ್ಲಿ ಅತಿ ಹೆಚ್ಚು ಕಣ ಹುಟ್ಟಬೇಕು. ಅಲ್ಲಿ ನೆಲದ ಬಳಿ ಹೊಸ ಕಣ ಕಾಣುವುದೇ ಅಪರೂಪ ಎಂದು ಓದಿದೆ. ಏಕೆ?

ನೀವು ಓದಿದ್ದು ಸರಿ. ಮುಖ್ಯ ಕಾರಣ ಐಸೋಪ್ರೀನಿನದೇ ಅಡ್ಡಗಾಲು. ಅದು ಹೈಡ್ರಾಕ್ಸಿಲ್ ರ್ಯಾಡಿಕಲ್‌ಗಳನ್ನು ತಾನೇ ಕಬಳಿಸಿಬಿಡುತ್ತದೆ. ಅದರಿಂದ ಹುಟ್ಟುವ ಚಿಕ್ಕ ಪೆರಾಕ್ಸಿ ರ್ಯಾಡಿಕಲ್‌ಗಳು ಮೊನೊಟರ್ಪೀನಿನ ರ್ಯಾಡಿಕಲ್‌ಗಳ ಜೊತೆ ಕೂಡಿಕೊಂಡು, ಇಪ್ಪತ್ತು ಇಂಗಾಲದ ಜೋಡಿ ಅಣು ಆಗದಂತೆ ತಡೆಯುತ್ತವೆ. ಫಿನ್ಲೆಂಡಿನ ಹ್ಯುಟಿಯಾಲಾ ಕೇಂದ್ರದಲ್ಲಿ ಪರಿಸ್ಥಿತಿ ತಿರುಗುಮುರುಗು. ಅಲ್ಲಿ ಪೈನ್ ಮರಗಳು, ಮೊನೊಟರ್ಪೀನ್ ಹೆಚ್ಚು, ಗಾಳಿ ತಂಪು ಮತ್ತು ಶುಭ್ರ. 1996ರಿಂದ ಬಿಡದೆ ನಡೆದಿರುವ ಅಳತೆಯಲ್ಲಿ ಹೊಸ ಕಣ ಹುಟ್ಟುವ ದಿನಗಳು ವಸಂತದಲ್ಲಿ ಅತಿ ಹೆಚ್ಚು ಸಿಗುತ್ತವೆ.

ಆದರೆ ಅಮೆಜಾನಿನ ಐಸೋಪ್ರೀನ್ ವ್ಯರ್ಥವಾಗುವುದಿಲ್ಲ. ರಾತ್ರಿ ಹೈಡ್ರಾಕ್ಸಿಲ್ ಇರುವುದಿಲ್ಲ, ಆದ್ದರಿಂದ ಹಗಲಿನಲ್ಲಿ ಉಳಿದ ಐಸೋಪ್ರೀನ್ ಹಾಗೆಯೇ ಇರುತ್ತದೆ. ಗುಡುಗುಮೋಡಗಳು ಅದನ್ನು ಸುಮಾರು 8–15 ಕಿಲೋಮೀಟರ್ ಎತ್ತರಕ್ಕೆ ಹೊತ್ತೊಯ್ಯುತ್ತವೆ. ಬೆಳಗಾದಾಗ ಅಲ್ಲಿ ಹೈಡ್ರಾಕ್ಸಿಲ್ ಹುಟ್ಟಿ, ಮಿಂಚಿನಿಂದ ಬಂದ ನೈಟ್ರೋಜನ್ ಆಕ್ಸೈಡುಗಳ ಜೊತೆ ಸೇರಿ ಐಸೋಪ್ರೀನನ್ನು ಉತ್ಕರ್ಷಿಸುತ್ತದೆ. ನೆಲದ ಬಿಸಿಯಲ್ಲಿ ಆವಿಯಾಗಿಯೇ ಉಳಿಯುತ್ತಿದ್ದ ಅದೇ ಅಣುಗಳು ಅಲ್ಲಿ, ಮೈನಸ್ 30–50 ಡಿಗ್ರಿಯ ಚಳಿಯಲ್ಲಿ, ಗೊಂಚಲುಗಟ್ಟುತ್ತವೆ. ವಿಮಾನದ ಅಳತೆಯೂ ‘ಕ್ಲೌಡ್’ ಕೋಠಿಯ ಅಳತೆಯೂ 2024ರಲ್ಲಿ ಇದನ್ನೇ ತೋರಿಸಿದವು. ಮೇಲೆ ಹುಟ್ಟಿದ ಕಣಗಳು ಮಳೆಯ ಜೊತೆ ಇಳಿಯುವ ಗಾಳಿಯಲ್ಲಿ ಕೆಳಗೆ ಬರುತ್ತವೆ.

ಪ್ರಶ್ನೆ: ಕಾಡು ಹೆಚ್ಚಿದಷ್ಟೂ ಈ ಕಣಗಳಿಂದ ಮಳೆ ಹೆಚ್ಚುತ್ತದೆ ಎನ್ನಬಹುದೇ?

ಹಾಗೆ ಹೇಳಲಾಗದು. ಮೋಡದ ಹನಿಗೆ ನೆಲೆಯಾಗಲು ಕಣ ಸುಮಾರು 50–100 ನ್ಯಾನೊಮೀಟರಾದರೂ ಇರಬೇಕು. ಅಂಥ ಕಣಗಳು ಹೆಚ್ಚಾದರೆ ಅಷ್ಟೇ ನೀರು ಹೆಚ್ಚು ಹನಿಗಳಿಗೆ ಹಂಚಿಹೋಗುತ್ತದೆ. ಹನಿಗಳು ಚಿಕ್ಕವಾಗುತ್ತವೆ, ಒಂದಕ್ಕೊಂದು ಕೂಡಿ ಮಳೆಹನಿಯಾಗಲು ತಡವಾಗುತ್ತದೆ. ಮೋಡ ಬೆಳ್ಳಗಾಗಿ ಬಿಸಿಲನ್ನು ಹೆಚ್ಚು ಹಿಂದಕ್ಕಟ್ಟುತ್ತದೆ. ಕಾಡು ಮಳೆಗೆ ನೆರವಾಗುವುದು ಮುಖ್ಯವಾಗಿ ಎಲೆಗಳಿಂದ ಬಿಡುವ ನೀರಾವಿಯ ಮೂಲಕ.

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿನಿ. ಪೈನ್ ಕೊಂಬೆಗೆ ಟೆಫ್ಲಾನ್ ಚೀಲ ಕಟ್ಟಿ ಮೊನೊಟರ್ಪೀನ್ ಅಳೆಯುತ್ತಿದ್ದೇನೆ. ಚೀಲ ಕಟ್ಟಿದ ದಿನ ಬಂದ ಅಂಕಿ ಮಾರನೆಯ ದಿನಕ್ಕಿಂತ ಬಹಳ ದೊಡ್ಡದು. ಸೆಸ್ಕ್ವಿಟರ್ಪೀನ್ ಮಾತ್ರ ಸಿಗುವುದೇ ಇಲ್ಲ. ಎಲ್ಲಿ ತಪ್ಪುತ್ತಿದೆ, ತಿಳಿಸಿ ಸರ್.

ಎರಡಕ್ಕೂ ಬೇರೆ ಬೇರೆ ಕಾರಣ. ಮೊದಲನೆಯದು ಗಾಯ. ಚೀಲ ಕಟ್ಟುವಾಗ ಸೂಜಿಎಲೆ ಮುರಿದರೆ, ತೊಗಟೆ ಗೀಚಿದರೆ, ರಾಳದ ನಾಳ ತೆರೆದುಕೊಂಡು ಕೂಡಿಟ್ಟಿದ್ದೆಲ್ಲ ಒಮ್ಮೆಗೇ ಹೊರಗೆ ಬರುತ್ತದೆ. ಚೀಲವನ್ನು ಹಿಂದಿನ ದಿನವೇ ಕಟ್ಟಿ, ಗಾಳಿ ಹರಿಸಿ, ಕನಿಷ್ಠ 24 ಗಂಟೆ ಬಿಡಿ. ಚೀಲದ ಹಾಳೆ ಎಲೆಗೆ ತಾಗದಂತೆ ತಂತಿಯ ಚೌಕಟ್ಟು ಹಾಕಿ. ಗಾಳಿಗೆ ಓಲಾಡುವ ಕೊಂಬೆಯನ್ನು ಕೋಲಿಗೆ ಕಟ್ಟಿ ನಿಲ್ಲಿಸಿ. ಮೊದಲ ದಿನದ ಅಂಕಿಯನ್ನು ಸರಾಸರಿಗೆ ಸೇರಿಸಬೇಡಿ.

ಎರಡನೆಯದು ಓಝೋನ್. ಬೀಟಾ-ಕ್ಯಾರಿಯೊಫಿಲೀನ್ ಎಂಬ ಸೆಸ್ಕ್ವಿಟರ್ಪೀನ್ 40 ಪಿಪಿಬಿ (ಶತಕೋಟಿಗೆ 40 ಭಾಗ) ಓಝೋನ್ ಇರುವ ಗಾಳಿಯಲ್ಲಿ ಬಾಳುವುದು ಒಂದೂವರೆ ನಿಮಿಷ. ಅದೇ ಗಾಳಿಯಲ್ಲಿ ಆಲ್ಫಾ-ಪೈನೀನ್ ಸುಮಾರು ಮೂರು ಗಂಟೆ ಬಾಳುತ್ತದೆ. ಹಾಗಾಗಿ ಒಂದು ಸಿಗುತ್ತದೆ, ಇನ್ನೊಂದು ಚೀಲದೊಳಗೋ ಹೀರುಕೊಳವೆಯೊಳಗೋ ಕಾಣೆಯಾಗುತ್ತದೆ. ಚೀಲಕ್ಕೆ ಒಳಬರುವ ಗಾಳಿಯ ದಾರಿಯಲ್ಲೇ ಮ್ಯಾಂಗನೀಸ್ ಡೈಆಕ್ಸೈಡ್ ಲೇಪಿಸಿದ ತಾಮ್ರದ ಜಾಲರಿ ಇಡಿ. ಹೊರಹೋಗುವ ಕಡೆ ಇಟ್ಟರೆ ಅಷ್ಟರಲ್ಲಿ ನಷ್ಟ ಆಗಿಹೋಗಿರುತ್ತದೆ. ಗಾಳಿಯಲ್ಲಿನ ಹಿನ್ನೆಲೆ ಆವಿಗಳನ್ನು ತೆಗೆಯಲು ಇದ್ದಿಲಿನ ಸೋಸುಕವನ್ನೂ ಹಾಕಿ. ಸೆಸ್ಕ್ವಿಟರ್ಪೀನ್ ಗೋಡೆಗೂ ಅಂಟುತ್ತದೆ. ಕೊಳವೆ ಗಿಡ್ಡವಿರಲಿ, ಟೆಫ್ಲಾನ್ ಇರಲಿ, ಚೀಲಕ್ಕಿಂತ ತಂಪಾಗದಂತೆ ತುಸು ಬೆಚ್ಚಗಿರಲಿ. ಚೀಲದೊಳಗೆ ಬೆವರು ಕಟ್ಟುತ್ತಿದ್ದರೆ ಗಾಳಿಯ ಹರಿವು ಸಾಲದು ಎಂದರ್ಥ. ಕೊಂಬೆಯ ಗಾತ್ರ ನೋಡಿ ನಿಮಿಷಕ್ಕೆ 5–10 ಲೀಟರಿಗೆ ಏರಿಸಿ.

ಟೆನಾಕ್ಸ್ ಎಂಬ ಹೀರುಕ ತುಂಬಿದ ಹೀರುಕೊಳವೆಗೆ ನಿಮಿಷಕ್ಕೆ 200 ಮಿಲಿಲೀಟರಿನಂತೆ 30 ನಿಮಿಷ ಎಳೆದರೆ 6 ಲೀಟರ್ ಗಾಳಿ ಸಿಗುತ್ತದೆ. ಮೊನೊಟರ್ಪೀನಿಗೆ ಅದು ಸಾಕು. ಐಸೋಪ್ರೀನ್ ಮಾತ್ರ ಟೆನಾಕ್ಸಿನಲ್ಲಿ ನಿಲ್ಲದೆ ನುಸುಳಿಹೋಗುತ್ತದೆ, ಅದಕ್ಕೆ ಇಂಗಾಲ ಆಧರಿತ ಹೀರುಕ ಬೇಕು. ಒಳಬರುವ ಗಾಳಿಯ ಮಾದರಿಯನ್ನೂ ಏನೂ ಎಳೆಯದ ಖಾಲಿ ಕೊಳವೆಯನ್ನೂ ಪ್ರತಿ ದಿನ ತಪ್ಪದೆ ಇಡಿ. ಲೆಕ್ಕ ಹೀಗೆ: ಚೀಲದಿಂದ ಹೊರಹೋಗುವ ಗಾಳಿಯಲ್ಲಿನ ಆವಿಯ ಸಾಂದ್ರತೆಯಿಂದ ಒಳಬರುವ ಗಾಳಿಯಲ್ಲಿನ ಸಾಂದ್ರತೆ ಕಳೆದು, ಚೀಲಕ್ಕೆ ಹರಿಸಿದ ಗಾಳಿಯಿಂದ ಗುಣಿಸಿ, ಒಣ ಎಲೆಯ ತೂಕದಿಂದ ಭಾಗಿಸಿ. ಎಲೆಯನ್ನು 60–70 ಡಿಗ್ರಿಯಲ್ಲಿ ತೂಕ ಇನ್ನು ಬದಲಾಗದು ಎನ್ನುವವರೆಗೆ ಒಣಗಿಸಬೇಕು.

ಕೊನೆಗೆ ಉಷ್ಣತೆಯ ಹೊಂದಾಣಿಕೆ. ಮೊನೊಟರ್ಪೀನಿಗೆ ರೂಢಿಯಲ್ಲಿರುವ ಗುಣಾಂಕ ಡಿಗ್ರಿಗೆ 0.09. ಎಲೆ 24 ಡಿಗ್ರಿಯಲ್ಲಿದ್ದಾಗ 1 ಮೈಕ್ರೊಗ್ರಾಂ ಬಂದರೆ, 30 ಡಿಗ್ರಿಗೆ ಅದು ಸುಮಾರು 1.7. ಚೀಲದೊಳಗೆ ಬಿಸಿಲಿಗೆ ಎಲೆ ಗಾಳಿಗಿಂತ 5 ಡಿಗ್ರಿ ಬಿಸಿಯಾಗಿದ್ದು ನೀವು ಗಾಳಿಯ ಉಷ್ಣತೆ ಹಾಕಿಬಿಟ್ಟರೆ ಶೇ 57ರಷ್ಟು ತಪ್ಪು ಅದೊಂದರಿಂದಲೇ ಬರುತ್ತದೆ. ಸಣ್ಣ ಥರ್ಮೊಕಪಲ್ ತಂತಿಯನ್ನು ಎಲೆಗೇ ತಾಗಿಸಿ ಅಳೆಯಿರಿ.

ಪ್ರಶ್ನೆ: ನಮ್ಮ ಕಣಗಾತ್ರದ ಉಪಕರಣದಲ್ಲಿ ಮಧ್ಯಾಹ್ನ ಹಠಾತ್ತಾಗಿ 20 ನ್ಯಾನೊಮೀಟರಿನ ಕಣಗಳು ತುಂಬಿಕೊಂಡವು. ಇದು ಕಾಡಿನಿಂದ ಹುಟ್ಟಿದ್ದೋ, ಹತ್ತಿರದ ವಾಹನದ್ದೋ?

ಒಂದೇ ಅಳತೆಯಿಂದ ಹೇಳಲಾಗದು, ಇಡೀ ದಿನದ ಚಿತ್ರ ಹಾಕಿ ನೋಡಿ. ಅಡ್ಡಕ್ಕೆ ಸಮಯ, ಉದ್ದಕ್ಕೆ ಗಾತ್ರ, ಬಣ್ಣದಲ್ಲಿ ಸಂಖ್ಯೆ. ನಿಜವಾದ ಕಣಜನನವಾದರೆ ಬೆಳಿಗ್ಗೆ 10 ನ್ಯಾನೊಮೀಟರಿಗಿಂತ ಕೆಳಗೆ ಶುರುವಾಗಿ, ಗಂಟೆಗೆ ಕೆಲವು ನ್ಯಾನೊಮೀಟರಿನಂತೆ ಬೆಳೆಯುತ್ತಾ, ಸಂಜೆಯವರೆಗೆ ಬಾಳೆಹಣ್ಣಿನ ಆಕಾರದಲ್ಲಿ ಮೇಲಕ್ಕೆ ಬಾಗುತ್ತದೆ. ವಾಹನದ್ದು ನೇರ 20–30 ನ್ಯಾನೊಮೀಟರಿನಲ್ಲೇ ಕಾಣಿಸಿ, ಬೆಳೆಯದೆ, ನಿಮಿಷಗಳಲ್ಲಿ ಮಾಯವಾಗುತ್ತದೆ. ಜೊತೆಯಲ್ಲೇ ನೈಟ್ರಿಕ್ ಆಕ್ಸೈಡ್ ಮತ್ತು ಕಪ್ಪು ಇಂಗಾಲ ಜಿಗಿದಿದ್ದರೆ ಅನುಮಾನವೇ ಬೇಡ.

ಉಪಕರಣವನ್ನೂ ಒಮ್ಮೆ ನೋಡಿಬಿಡಿ. ಉದ್ದ ಕೊಳವೆಯಲ್ಲಿ 10 ನ್ಯಾನೊಮೀಟರಿಗಿಂತ ಚಿಕ್ಕ ಕಣಗಳು ಗೋಡೆಗೆ ಅಂಟಿ ಕಳೆದುಹೋಗುತ್ತವೆ, ಆಗ ಚಿತ್ರದ ಬುಡವೇ ಕಾಣುವುದಿಲ್ಲ. ಗಿಡ್ಡನೆಯ, ನೇರವಾದ ಸ್ಟೀಲ್ ಕೊಳವೆ ಬಳಸಿ. ಪ್ಲಾಸ್ಟಿಕ್ ಬೇಡ, ಅದರ ಸ್ಥಿರವಿದ್ಯುತ್ತು ಕಣಗಳನ್ನು ಸೆಳೆಯುತ್ತದೆ. ಗಾಳಿಯ ತೇವ ಶೇ 40ಕ್ಕಿಂತ ಕಡಿಮೆಯಾಗುವಂತೆ ಒಣಗಿಸಿ. ಬ್ಯೂಟನಾಲ್ ಬಳಸುವ ಎಣಿಕೆ ಯಂತ್ರವಾದರೆ ತೇವದ ದಿನಗಳಲ್ಲಿ ಬ್ಯೂಟನಾಲಿಗೆ ನೀರು ಸೇರಿ ಎಣಿಕೆ ಮೆಲ್ಲಗೆ ಇಳಿಯುತ್ತದೆ. ಅದನ್ನು ಬಸಿದು ಹೊಸದು ತುಂಬಿ.

ಪ್ರಶ್ನೆ: ಮರಗಳೇ ಓಝೋನ್ ಮಾಲಿನ್ಯಕ್ಕೆ ಕಾರಣ ಎಂದು ಕೆಲವರು ಹೇಳುತ್ತಾರೆ. ನಿಜವೇ?

ಅರ್ಧ ನಿಜ, ಮತ್ತು ಆ ಅರ್ಧವನ್ನು ಮಾತ್ರ ಹೇಳುವುದು ಅನ್ಯಾಯ. ಐಸೋಪ್ರೀನಿನಿಂದ ಓಝೋನ್ ಆಗಲು ನೈಟ್ರೋಜನ್ ಆಕ್ಸೈಡುಗಳು ಬೇಕೇ ಬೇಕು, ಅವು ನಗರದಲ್ಲಿ ಬರುವುದು ಎಂಜಿನ್ನು, ಬಾಯ್ಲರುಗಳಿಂದ. ಅವಿಲ್ಲದ ದೂರದ ಕಾಡಿನಲ್ಲಿ ಅದೇ ಐಸೋಪ್ರೀನ್ ಓಝೋನನ್ನು ತಿಂದುಹಾಕುತ್ತದೆ. ಕಣಗಳಿಗೂ ಈ ಆಕ್ಸೈಡುಗಳು ಕೈಹಾಕುತ್ತವೆ: ಒಂದು ಪಿಪಿಬಿ ನೈಟ್ರಿಕ್ ಆಕ್ಸೈಡ್ ಇದ್ದರೆ ಮೇಲೆ ಹೇಳಿದ ಪೆರಾಕ್ಸಿ ರ್ಯಾಡಿಕಲ್ ನಾಲ್ಕೈದು ಸೆಕೆಂಡಿನಲ್ಲಿ ಅದರ ಕೈಗೆ ಸಿಗುತ್ತದೆ, ಆಮ್ಲಜನಕ ಸೇರುವ ಸರಣಿ ನಡುವೆಯೇ ನಿಲ್ಲುತ್ತದೆ. ದಟ್ಟ ವಾಹನದ ರಸ್ತೆಬದಿಗೆ ಸಾಲುಮರ ಆರಿಸುವವರು ಪಾಪ್ಲರ್, ಓಕ್, ನೀಲಗಿರಿಗಳ ಬದಲು ಮೇಪಲ್, ಲಿಂಡೆನ್‌ಗಳಂಥ ಕಡಿಮೆ ಆವಿ ಬಿಡುವ ಜಾತಿ ನೆಡುವುದು ಒಳ್ಳೆಯದು. ನೆಟ್ಟ ಮರವನ್ನು ಕಡಿಯಲು ಇದು ಕಾರಣವಾಗಬಾರದು.

ಪ್ರಶ್ನೆ: ಭೂಮಿ ಬಿಸಿಯಾದಂತೆ ಕಾಡು ಹೆಚ್ಚು ಆವಿ ಬಿಟ್ಟು, ಹೆಚ್ಚು ಕಣವಾಗಿ, ಭೂಮಿ ತಂಪಾಗಬಹುದಲ್ಲವೇ?

ಆ ದಿಕ್ಕಿನ ಪರಿಣಾಮ ಇದೆ, ಮುಖ್ಯವಾಗಿ ಉತ್ತರದ ಪೈನ್ ಕಾಡುಗಳಲ್ಲಿ. ಆದರೆ ಬಿಸಿಯಾಗುವಿಕೆಯನ್ನು ಸರಿದೂಗಿಸುವಷ್ಟು ದೊಡ್ಡದಲ್ಲ. ಎದುರು ಎಳೆಯುವ ಸಂಗತಿಗಳೂ ಇವೆ: ಕಾರ್ಬನ್ ಡೈಆಕ್ಸೈಡ್ ಹೆಚ್ಚಿದಾಗ ಅನೇಕ ಗಿಡಗಳಲ್ಲಿ ಐಸೋಪ್ರೀನ್ ಕಡಿಮೆಯಾಗುತ್ತದೆ, ಕಡು ಬರದಲ್ಲಿ ಎಲ್ಲವೂ ಇಳಿಯುತ್ತದೆ.

ಪ್ರಶ್ನೆ: ಕಾಡಿನಲ್ಲಿ ನಡೆಯುವಾಗ ಈ ಕಣಗಳನ್ನು ಉಸಿರಾಡಿದರೆ ಹಾನಿಯೇ?

ತೂಕ ಹಾಕಿ ನೋಡಿ. ಒಂದು ಘನ ಸೆಂಟಿಮೀಟರಿನಲ್ಲಿ 10 ನ್ಯಾನೊಮೀಟರಿನ 10,000 ಕಣಗಳಿದ್ದರೂ ಒಂದು ಘನ ಮೀಟರ್ ಗಾಳಿಯಲ್ಲಿ ಅವುಗಳ ಒಟ್ಟು ತೂಕ ಸುಮಾರು 0.007 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ಕ್ಕೆ (2.5 ಮೈಕ್ರೊಮೀಟರಿಗಿಂತ ಚಿಕ್ಕ ಕಣಗಳಿಗೆ) ನಿಗದಿಪಡಿಸಿದ ವಾರ್ಷಿಕ ಮಿತಿ ಘನ ಮೀಟರಿಗೆ 5 ಮೈಕ್ರೊಗ್ರಾಂ. ಬೆಳೆದು ದಪ್ಪಗಾದ ಕಣಗಳನ್ನೂ ಸೇರಿಸಿದರೆ ತೂಕ ಹೆಚ್ಚುತ್ತದೆ ನಿಜ, ಆದರೆ ಹೊಗೆಯಿಲ್ಲದ, ನಗರದ ಗಾಳಿ ಸೇರದ ಕಾಡಿನಲ್ಲಿ ಅದು ಸಾಮಾನ್ಯವಾಗಿ ಕೆಲವೇ ಮೈಕ್ರೊಗ್ರಾಂಗಳಲ್ಲಿ ಇರುತ್ತದೆ. ಕಾಡಿಗೆ ಬೆಂಕಿ ಬಿದ್ದ ದಿನಗಳ ಲೆಕ್ಕವೇ ಬೇರೆ. ಆಗ ಉಸಿರಾಡುವುದು ಎಲೆಯ ಆವಿಯಿಂದ ಹುಟ್ಟಿದ ಕಣವನ್ನಲ್ಲ, ಹೊಗೆಯನ್ನು. ಆಸ್ತಮಾ ಇರುವವರು ಅಂಥ ದಿನ ಕಾಡಿನ ಕಡೆ ಹೋಗಬಾರದು.